ನಿಂತ ಕಂಬಳಿ

ದೊಡ್ಡಉಳ್ಳಾರ್ತಿಯ ಪಾತಮ್ಮನ ಮನೆ ಮುಂದೆ ಕಂಬಳಿಯೊಂದು ಮೊದಲ ಸಲ ತಾನಾಗಿಯೇ ಎದ್ದು ನಿಂತದ್ದು ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ. ಅದು ನಿಲ್ಲಲಿ ಎಂದು ಯಾರೂ ಬಯಸಿರಲಿಲ್ಲ. ಅದಕ್ಕೆ ಬಳಿದಿದ್ದ ಹುಣಸೆಬೀಜದ ಸರಿ ಗಟ್ಟಿಯಾಗಿಬಿಟ್ಟಿತ್ತು, ಅಷ್ಟೆ.

ಕಂಬಳಿಗೆ ಸರಿ ಹಾಕುವುದು ಪಾತಮ್ಮನ ಕೆಲಸ. ಗಂಡ ಮೂಡಲಗಿರಿಯಪ್ಪ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಇವಳು ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ಹಂಡೆಯಲ್ಲಿ ಕುದಿಸಿ ಗಂಜಿಯಂಥ ಸರಿ ಮಾಡುತ್ತಿದ್ದಳು. ನೇಯ್ದ ಕಂಬಳಿಗೆ ಅದನ್ನು ಬಳಿದು ಒಣಗಿಸಿದರೆ ಉಣ್ಣೆಯ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಗಾಳಿ ತೂರುವುದಿಲ್ಲ. ಸರಿ ತೆಳ್ಳಗಾದರೆ ಕಂಬಳಿ ಜೋಲುಬೀಳುತ್ತದೆ, ಗಟ್ಟಿಯಾದರೆ ಮೈಗೆ ಚುಚ್ಚುತ್ತದೆ. ಆ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಪಾತಮ್ಮನ ಕೈ ಒಮ್ಮೆಯೂ ತಪ್ಪಿರಲಿಲ್ಲ.

ಆ ದಿನ ತಪ್ಪಿತು. ಹಂಡೆ ಒಲೆಯ ಮೇಲಿದ್ದಾಗ ಪಕ್ಕದ ಮನೆಯ ಮೇಕೆ ಮರಿ ಹಾಕಿತೆಂದು ಕೂಗಿದರು. ನೋಡಲು ಹೋದಳು. ಒಂದಲ್ಲ, ಎರಡಲ್ಲ, ಮೂರು ಮರಿ. ಮೂರನೆಯದು ನಾಲ್ಕು ಕಾಲ ಮೇಲೆ ನಿಲ್ಲುವವರೆಗೂ ಅಲ್ಲೇ ಕೂತಿದ್ದು ಬಂದರೆ ಹಂಡೆಯಲ್ಲಿ ಸರಿಯ ಬದಲು ಮುದ್ದೆಯಂಥದ್ದೇನೋ ಆಗಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ಅಂಚು ಹರಿದು ಮೂಲೆ ಸೇರಿದ್ದ ಹಳೆಯ ಕಂಬಳಿಯೊಂದಕ್ಕೆ ಅದನ್ನೆಲ್ಲ ಮೆತ್ತಿ, ಅಂಗಳದಲ್ಲಿ ಕೋಳಿ ಮುಚ್ಚುವ ಬುಟ್ಟಿಯ ಮೇಲೂ ಗೋಡೆಗೆ ಒರಗಿಸಿದ್ದ ಒನಕೆಯ ಮೇಲೂ ಹರವಿ ಮರೆತುಬಿಟ್ಟಳು.

ಎರಡು ದಿನದ ಬಿಸಿಲಾದ ಮೇಲೆ ಬುಟ್ಟಿ ಬೇಕಾಯಿತು. ಕೆಳಗಿನಿಂದ ಬುಟ್ಟಿ ಎಳೆದಳು, ಒನಕೆಯನ್ನೂ ತೆಗೆದಳು. ಕಂಬಳಿ ಕುಸಿಯಲಿಲ್ಲ. ಮುಸುಕು ಹಾಕಿಕೊಂಡು ಯಾರೋ ಕುಕ್ಕರಗಾಲಲ್ಲಿ ಕೂತ ಹಾಗೆ, ಮುಂದೆ ಬಾಯಿ ತೆರೆದು, ಹಿಂದೆ ಬೆನ್ನು ಬಾಗಿಸಿ, ಅಲ್ಲೇ ನಿಂತಿತ್ತು. ಪಾತಮ್ಮ ಅದರ ಸುತ್ತ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಮೂರನೇ ಸುತ್ತಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡಳು.

ಮಗ್ಗದಿಂದ ಎದ್ದು ಬಂದ ಮೂಡಲಗಿರಿಯಪ್ಪ ಕೇಳಿದ, “ಏನೇ ಅದು?”

“ನಿಂತೈತೆ.”

“ಅದು ಕಾಣ್ತೈತೆ. ಯಾತಕ್ಕೆ ನಿಂತೈತೆ?”

“ಅದನ್ನೇ ನಾನೂ ನೋಡ್ತಿದೀನಿ.”

“ಇನ್ನು ಅದನ್ನ ಹೊದೆಯಾಕೂ ಬರಲ್ಲ, ಹಾಸಾಕೂ ಬರಲ್ಲ,” ಎಂದು ಅವನು ಒಳಗೆ ಹೋದ. ಹೆಚ್ಚು ಮಾತಾಡುವವನಲ್ಲ ಅವನು. ನೇಯುವಾಗ ಎಳೆ ಕಡಿದರೂ ಬೈಯದೆ ಗಂಟು ಹಾಕುವ ಮನುಷ್ಯ.

ಹಾಸಲು ಬಾರದ ಕಂಬಳಿಗೆ ಯಜಮಾನಿ ಸಿಕ್ಕಿದ್ದು ಅವತ್ತು ಮಧ್ಯಾಹ್ನವೇ. ಮೂಡಲಗಿರಿಯಪ್ಪನ ತಾಯಿ ಉಚ್ಚಂಗೆಮ್ಮನಿಗೆ ಎಂಬತ್ತರ ಹತ್ತಿರ. ಎಲೆಅಡಿಕೆ ಕುಟ್ಟುವ ಪುಟ್ಟ ಕುಟ್ಟಾಣಿ ಹಿಡಿದು ನೆರಳು ಹುಡುಕಿಕೊಂಡು ಅಂಗಳದಲ್ಲಿ ಜಾಗ ಬದಲಿಸುತ್ತಲೇ ಇರುವುದು ಅವಳ ದಿನಚರಿ. ಅವತ್ತು ಸೀದಾ ಹೋಗಿ ಆ ಕಂಬಳಿಯ ಹೊಟ್ಟೆಯೊಳಗೆ ಕೂತಳು. ಕಾಲು ಚಾಚಿದಳು. ಅಡಿಕೆ ಕುಟ್ಟಿದಳು.

“ಅತ್ತೆ, ಸೆಕೆ ಆಗಲ್ವಾ ಅದ್ರೊಳಗೆ?” ಎಂದು ಪಾತಮ್ಮ ಕೇಳಿದಳು.

ಉತ್ತರ ಬರಲಿಲ್ಲ. ಹತ್ತಿರ ಹೋಗಿ ಬಗ್ಗಿ ಮತ್ತೆ ಕೇಳಿದಾಗ ಮುದುಕಿ ಹೇಳಿದಳು: “ಬಿಸ್ಲಿಲ್ಲ, ಧೂಳಿಲ್ಲ, ಸೊಸೆ ಮಾತೂ ಕೇಳಲ್ಲ. ಇದು ನಂದು. ಯಾರೂ ಮುಟ್ಬೇಡ್ರಿ.”

ಆ ಬೇಸಿಗೆಯೆಲ್ಲ ಪಾತಮ್ಮನಿಗೆ ಅದೇ ಧ್ಯಾನ. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ? ಹರಕು ಕಂಬಳಿಗಳನ್ನು ಊರೆಲ್ಲ ಕೇಳಿ ತಂದಳು. ನೆಟ್ಟಗೆ ನಿಲ್ಲಿಸಿದ್ದು ಒಂದು ಗಳಿಗೆಯಲ್ಲಿ ಮಗುಚಿ ಬಿತ್ತು. ಬಾಗಿಸಿದ್ದು ನಿಂತಿತು. ಎರಡು ಮಡಿಕೆಯದು ತೂರಾಡಿತು, ಮೂರು ಮಡಿಕೆಯದು ಗಾಳಿಗೂ ಅಲುಗಲಿಲ್ಲ. ಜೋಳದ ಗರಿ ನಡುವೆ ಮಡಚಿಕೊಂಡೇ ಯಾಕೆ ಇರುತ್ತದೆ, ಮೊರದ ಹಿಂದಿನ ಅಂಚು ಯಾಕೆ ಎದ್ದಿರುತ್ತದೆ, ಬೇಲಿಯ ಕಳ್ಳಿಗೆ ಯಾಕೆ ಏಣುಗಳಿವೆ ಎಂದು ಅವಳು ನಿಂತು ನಿಂತು ನೋಡತೊಡಗಿದಳು. ನೀರು ತರಲು ಹೋದವಳು ಕಳ್ಳಿಯ ಮುಂದೆ ಅರ್ಧ ಗಂಟೆ ನಿಂತಿದ್ದಳು ಎಂದು ಊರವರು ನಕ್ಕರು. ಅವಳೂ ನಕ್ಕಳು. ಒಂದು ಕಂಬಳಿ ಮಲಗಿದ ಕರುವಿನಂತಾಯಿತು, ಅದರ ಬೆನ್ನ ಮೇಲೆ ಕೂತು ರಾಗಿ ಬೀಸಬಹುದಿತ್ತು. ಇನ್ನೊಂದು ಬಾಗಿಲ ಪಕ್ಕದ ಮೂಲೆಗೆ ಮೈಯೊಡ್ಡಿ ನಿಂತು, ತನ್ನ ಮಡಿಕೆಗಳಲ್ಲಿ ತಟ್ಟೆ, ಲೋಟ, ದೀಪ ಇಟ್ಟುಕೊಂಡಿತು. ಇವಕ್ಕೆ ಏನೆನ್ನಬೇಕೋ ಯಾರಿಗೂ ತಿಳಿಯಲಿಲ್ಲ. ಊರ ಹೆಂಗಸರು “ಪಾತಮ್ಮನ ಗೊಂಬೆ” ಎಂದರು. ಗಂಡಸರು “ಪಾತಮ್ಮನ ಗುಡ್ಲು” ಎಂದರು. ಉಚ್ಚಂಗೆಮ್ಮ ಮಾತ್ರ “ನನ್ನ ಕುರ್ಚಿ” ಎನ್ನುತ್ತಿದ್ದಳು. ಪಾತಮ್ಮನಿಗೆ ಹೆಸರಿನ ಯೋಚನೆಯೇ ಬರಲಿಲ್ಲ. ಮುಂದಿನದು ಹೇಗೆ ಬಾಗಬೇಕು ಎಂಬುದೊಂದೇ ಯೋಚನೆ.

ಅವಳ ಮೈದುನ ಗಾದ್ರಪ್ಪ ಕುರಿಗಾರ. ದಿನವೂ ಉಳ್ಳಾರ್ತಿ ಕಾವಲಿಗೆ ಕುರಿ ಹೊಡೆದುಕೊಂಡು ಹೋಗುವವನು. ಕಾವಲಿನಲ್ಲಿ ಹುಲ್ಲಿದೆ, ಮರವಿಲ್ಲ. ಬಿಸಿಲು, ಗಾಳಿ ಎರಡಕ್ಕೂ ಮೈಯೇ ಅಡ್ಡ. ಅವನು ಒಂದು ದಿನ ಬಂದು, “ಅತ್ಗೆ, ಅವ್ವಂಗೆ ಮಾಡಿದಂಥದ್ದು ನಂಗೂ ಒಂದು ಮಾಡ್ಕೊಡು. ತಲೆ ಮ್ಯಾಲೆ ಹೊತ್ಕೊಂಡು ಹೋಗಂಗಿರ್ಬೇಕು,” ಎಂದ.

ಅವಳು ಮಾಡಿಕೊಟ್ಟಳು. ಹೊತ್ತುಕೊಂಡರೆ ದೊಡ್ಡ ಟೋಪಿ, ಇಳಿಸಿದರೆ ಮನೆ. ದೂರದಿಂದ ನೋಡಿದರೆ ಯಾರೋ ಮುಸುಕು ಹಾಕಿ ಕೂತ ಹಾಗೆ. ಹದಿನೈದು ದಿನದಲ್ಲಿ ಕಾವಲಿನ ಕುರಿಗಾರರು ಒಬ್ಬೊಬ್ಬರಾಗಿ ಕಂಬಳಿ ತಂದು ಅವಳ ಅಂಗಳದಲ್ಲಿಟ್ಟು ಹೋದರು. ಆಮೇಲೆ ಕಾವಲಿನ ನಡುವೆ ಇಂಥ ಒಂಬತ್ತು ಆಕಾರಗಳು ಅಲ್ಲಲ್ಲಿ ಕೂತಿದ್ದವು. ಗಾದ್ರಪ್ಪನೇ ಒಮ್ಮೆ ಮೋಸ ಹೋದ. ದುರುಗಣ್ಣನೆಂಬ ಕುರಿಗಾರನ ಗುಡ್ಲಿಗೆ ಬೆನ್ನು ಮಾಡಿ ಕೂತು, ತನ್ನ ಟಗರಿನ ಕಾಲುಬೇನೆಯ ಕಥೆಯನ್ನೆಲ್ಲ ಹೇಳಿ, “ಏನ್ಲೇ, ಮಾತೇ ಆಡ್ತಿಲ್ಲ,” ಎಂದು ಬಗ್ಗಿ ನೋಡಿದರೆ ಒಳಗೆ ಎರಡು ಕುರಿಮರಿಗಳು ಕಂಬಳಿ ನೆಕ್ಕುತ್ತಾ ನಿಂತಿದ್ದವು. ದುರುಗಣ್ಣ ಆಗಲೇ ಊರು ಸೇರಿದ್ದ.

ಮರಿಗಳಿಗೆ ಹುಣಸೆಬೀಜದ ರುಚಿ ಹತ್ತಿದ್ದು ಪಾತಮ್ಮನಿಗೆ ಗೊತ್ತಾಗಿ, ಸರಿಗೆ ಬೇವಿನಸೊಪ್ಪಿನ ಕಷಾಯ ಬೆರೆಸಲು ಶುರುಮಾಡಿದಳು. ಅದಕ್ಕೇನೋ ಉಪಾಯವಿತ್ತು. ಮಳೆಗೆ ಇರಲಿಲ್ಲ.

ರೋಹಿಣಿ ಮಳೆ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಅಂಗಳದಲ್ಲಿ ಮೊದಲ ಹನಿಗಳು ಬಿದ್ದಾಗಲೇ ಪಾತಮ್ಮ ಒಳಗಿನಿಂದ ಓಡಿ ಬಂದಳು. ಸರಿ ನೀರಿಗೆ ಕರಗುತ್ತದೆಂದು ಹೆತ್ತ ತಾಯಿಯೇ ಅವಳಿಗೆ ಕಲಿಸಿದ್ದಳು. ಇಷ್ಟು ದಿನ ಅದು ನೆನಪೇ ಆಗಿರಲಿಲ್ಲ. ಕಣ್ಣ ಮುಂದೆಯೇ ಕರುವಿನ ಬೆನ್ನು ಇಳಿಯಿತು. ಅತ್ತೆಯ ಕುರ್ಚಿ ನಿಧಾನಕ್ಕೆ ಮಂಡಿಯೂರಿ, ತಲೆ ಬಾಗಿಸಿ, ನೆಲಕ್ಕೆ ಹರಡಿಕೊಂಡಿತು. ಕಾವಲಿನಲ್ಲಿ ಒಂಬತ್ತು ಜನ ಅವಳನ್ನು ನಂಬಿ ಕೂತಿದ್ದಾರೆ. ಅವರು ಬಂದು ಏನನ್ನುತ್ತಾರೋ ಎಂದು ಅವಳು ಬಾಗಿಲಲ್ಲಿ ನಿಂತಳು.

ಸಂಜೆ ಕುರಿಗಳ ಹಿಂದೆ ಗಾದ್ರಪ್ಪ ಬಂದ. ತಲೆಯಿಂದ ಮೊಣಕಾಲವರೆಗೆ ಕಂಬಳಿ ಹೊದ್ದಿದ್ದ. ಮುಖ ಅರಳಿತ್ತು.

“ಬಿತ್ತಾ?” ಎಂದಳು ಪಾತಮ್ಮ.

“ಬಿತ್ತು ಅತ್ಗೆ. ಮೈ ಮ್ಯಾಲೇ ಬಿತ್ತು. ಬಿಸ್ಲಿರೋವರ್ಗೂ ಮನೆ ಆಗಿತ್ತು, ಮಳೆ ಬರ್ತಿದ್ದಂಗೆ ಕಂಬ್ಳಿ ಆಗಿ ಬೆನ್ ಮ್ಯಾಲೆ ಕೂತ್ಕಂತು. ಹೊದ್ಕಂಡೆ, ಬಂದೆ. ಇದನ್ನ ಬೇಕು ಅಂತ್ಲೇ ಹಿಂಗೆ ಮಾಡಿದ್ಯಾ?”

ಪಾತಮ್ಮ ಸುಳ್ಳು ಹೇಳಲಿಲ್ಲ. “ಇಲ್ಲ ಕಣಪ್ಪ. ಅದೇ ಮಾಡ್ಕಂತು,” ಎಂದಳು. ಮಾರನೇ ದಿನ ಒಂಬತ್ತು ಜನರೂ ಒದ್ದೆ ಕಂಬಳಿ ತಂದು, ಬಿಸಿಲು ಬಂದ ಮೇಲೆ ಮತ್ತೆ ನಿಲ್ಲಿಸಿಕೊಡು ಎಂದು ಹೇಳಿ ಹೋದರು. ಹೋದ ಸಲಕ್ಕಿಂತ ಬಾಯಿ ಸ್ವಲ್ಪ ಅಗಲ ಇರಲಿ ಎಂದು ದುರುಗಣ್ಣ ಕೇಳಿಕೊಂಡ. ಒಂದೇ ಕಂಬಳಿಯನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಮಾಡಬಹುದು ಎಂಬುದು ಪಾತಮ್ಮನಿಗೆ ತಿಳಿದದ್ದು ಆಗ. ಅವತ್ತು ಅವಳಿಗೆ ಊಟ ರುಚಿಸಿತು, ಹಾಡು ಬಂತು, ಅತ್ತೆಗೆ ಎರಡನೇ ಸಲ ಕೇಳದೆಯೇ ಎಲೆಅಡಿಕೆ ಸಿಕ್ಕಿತು.

ಎರಡು ವರ್ಷ ಹೀಗೆ ನಡೆಯಿತು. ತೊಂಬತ್ತೆಂಟರ ಚಳಿಗಾಲದಲ್ಲಿ ಚಳ್ಳಕೆರೆಯಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ ನಡೆಯುವುದೆಂದು ಸುದ್ದಿ ಬಂತು. ಗಾದ್ರಪ್ಪ ಉಣ್ಣೆ ಸಂತೆಗೆ ಹೋದವನು ಅತ್ತಿಗೆಯ ಹೆಸರು ಬರೆಸಿಯೇ ಬಂದ. ಯಾವ ವಿಭಾಗದಲ್ಲಿ ಬರೆಸಿದೆ ಎಂದರೆ, “ಬರ್ಕಂಡ್ರು, ಯಾವುದ್ರಲ್ಲೋ,” ಎಂದ.

ಪಾತಮ್ಮ ಮೂರು ಕಂಬಳಿ ಸೇರಿಸಿ ಹೊಲಿದು ಇದುವರೆಗೆ ಮಾಡದಷ್ಟು ದೊಡ್ಡದೊಂದನ್ನು ಮಾಡಿದಳು. ಕಪ್ಪು, ಕಂದು, ಬೂದು ಮೂರೂ ಕುರಿಯ ಮೈಬಣ್ಣವೇ. ಒಳಗೆ ಇಬ್ಬರು ಎದುರುಬದುರು ಕೂರುವಂತೆ ಕಂಬಳಿಯೇ ಮಡಚಿ ಜಗಲಿಯಾಗಿತ್ತು. ಜಗಲಿಯ ಬೆನ್ನು ಏರಿ ಗೋಡೆಯಾಗಿತ್ತು, ಗೋಡೆ ಬಾಗಿ ಸೂರಾಗಿತ್ತು, ಸೂರಿನ ತುದಿ ಇಳಿದು ಬಾಗಿಲಾಗಿತ್ತು. ಹೊರಗಿನಿಂದ ಇಬ್ಬರು ಮುದುಕಿಯರು ತಲೆ ಕೂಡಿಸಿ ಗುಟ್ಟು ಮಾತಾಡುವಂತೆ ಕಾಣುತ್ತಿತ್ತು. ಅದನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿಟ್ಟುಕೊಂಡು ಗಂಡ, ಹೆಂಡತಿ, ಗಾದ್ರಪ್ಪ ಚಳ್ಳಕೆರೆಗೆ ಹೋದರು.

ಮೈದಾನದಲ್ಲಿ ಮೂರು ಶಾಮಿಯಾನ. ಮೊದಲನೆಯದು ಮೂರ್ತಿಗಳಿಗೆ. ಮೂಡಲಗಿರಿಯಪ್ಪನೂ ಗಾದ್ರಪ್ಪನೂ ಅದನ್ನು ಹೊತ್ತು ಅಲ್ಲಿ ಇಳಿಸಿದರು. ತೀರ್ಪುಗಾರರು ಕನ್ನಡಕ ಏರಿಸಿ ಸುತ್ತಲೂ ನೋಡಿ ಮೆಚ್ಚಿ ತಲೆಯಾಡಿಸುತ್ತಿದ್ದಾಗಲೇ ಯಾರೋ ಹೆಂಗಸು ಮಗು ಎತ್ತಿಕೊಂಡು ಒಳಗೆ ಹೋಗಿ ಕೂತು ಹಾಲು ಕುಡಿಸತೊಡಗಿದಳು.

“ಇದು ಮೂರ್ತಿ ಅಲ್ಲಮ್ಮ,” ಎಂದರು ತೀರ್ಪುಗಾರರು. “ಮೂರ್ತಿ ಒಳಗೆ ಯಾರಾದರೂ ಕೂತ್ಕೋತಾರಾ? ಮನೆ ಮಾದರಿಗಳ ಕಡೆ ತಗೊಂಡು ಹೋಗಿ.”

ಹಾಲು ಕುಡಿದಾಗುವವರೆಗೆ ಕಾದು, ಹೊತ್ತುಕೊಂಡು ಹೋದರು. ಎರಡನೇ ಶಾಮಿಯಾನದಲ್ಲಿ ರಟ್ಟಿನ ಮನೆಗಳು, ಬೆಂಕಿಕಡ್ಡಿಯ ಅರಮನೆಗಳು ಇದ್ದವು. ಅಲ್ಲಿನ ತೀರ್ಪುಗಾರರು ನಿವೃತ್ತ ಇಂಜಿನಿಯರ್. ಒಳಗೆ ಕೂತು ಎದ್ದು ಬಂದು, “ಚೆನ್ನಾಗಿದೆ. ಆದರೆ ಮನೆ ಅಂದಮೇಲೆ ಗೋಡೆ ಬೇರೆ, ಚಾವಣಿ ಬೇರೆ ಇರಬೇಕು. ಇದರಲ್ಲಿ ಗೋಡೆ ಎಲ್ಲಿ ಮುಗಿದು ಚಾವಣಿ ಎಲ್ಲಿ ಶುರುವಾಗುತ್ತೆ, ತೋರಿಸಮ್ಮ,” ಎಂದರು.

ಪಾತಮ್ಮ ಪ್ರಾಮಾಣಿಕವಾಗಿ ಹುಡುಕಿದಳು. ಕೈಯಿಟ್ಟು ಕೆಳಗಿನಿಂದ ಮೇಲಿನವರೆಗೆ ಸವರಿಕೊಂಡು ಹೋದಳು. “ನಂಗೂ ಸಿಕ್ತಿಲ್ಲ ಸಾರ್,” ಎಂದಳು.

ಮೂರನೆಯದು ಮನೆಬಳಕೆಯ ಸಾಮಾನುಗಳದು. ಕುರ್ಚಿ, ಮೊರ, ಬುಟ್ಟಿ. ಅಲ್ಲಿದ್ದ ಹೆಂಗಸು ದೂರದಿಂದಲೇ ಬೇಡವೆಂದು ಕೈಬೀಸಿದರು. “ಮನೆ ಒಳಗೆ ಇಡೋದು ಮಾತ್ರ ಇಲ್ಲಿ. ಅದು ಯಾವ ಮನೆ ಬಾಗಿಲಲ್ಲಿ ಹಿಡಿಯುತ್ತೆ? ಮೂರ್ತಿಗಳ ಕಡೆ ಕೇಳಿ ನೋಡಿ.”

ಪಾತಮ್ಮನ ಮುಖ ಸಣ್ಣದಾಯಿತು. ಊರಲ್ಲಿ ಎಷ್ಟು ಜನ ನಕ್ಕರೂ ಅವಳಿಗೆ ಬೇಜಾರಾಗಿರಲಿಲ್ಲ. ಇಲ್ಲಿ ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು. “ನಡೀರಿ ಊರಿಗೆ ಹೋಗನ,” ಎಂದಳು.

ಮೂಡಲಗಿರಿಯಪ್ಪ ತನ್ನ ಕಡೆಯ ಅಂಚನ್ನು ಹಿಡಿದು ನಿಂತಿದ್ದವನು ಹೆಂಡತಿಯನ್ನು ನೋಡಿದ. ಆಮೇಲೆ ತಮ್ಮನಿಗೆ ಸನ್ನೆ ಮಾಡಿ, ಮೂರೂ ಶಾಮಿಯಾನಗಳ ನಡುವಿನ ಬಯಲಿಗೆ ನಡೆದು, ಸುಡುವ ಬಿಸಿಲಲ್ಲಿ ಅದನ್ನು ಇಳಿಸಿದ. ಹೆಗಲ ಟವಲಿನಿಂದ ಮುಖ ಒರೆಸಿಕೊಂಡ.

“ಇಲ್ಲೇ ಇರ್ಲಿ,” ಎಂದ. “ಇನ್ನು ನಾವು ಹೊತ್ಕಂಡು ತಿರುಗದು ಬ್ಯಾಡ. ಬೇಕಾದೋರು ಅದ್ರತ್ರಕ್ಕೆ ಬರ್ಲಿ.”

ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವನು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅವಳು ಕೇಳಿರಲಿಲ್ಲ.

ಬೇಕಾದವರು ಬಂದರು. ಮೊದಲು ನೆರಳಿಗೆಂದು ಬಂದರು, ಕೂತ ಮೇಲೆ ಏಳಲು ಮನಸ್ಸಾಗದೆ ಉಳಿದರು. ಹೊರಗೆ ಸಾಲು ನಿಂತಿತು. ಹನ್ನೆರಡೂವರೆಯ ಹೊತ್ತಿಗೆ ನಿವೃತ್ತ ಇಂಜಿನಿಯರೂ ಮೂರ್ತಿಗಳ ತೀರ್ಪುಗಾರರೂ ಅದರೊಳಗೆ ಎದುರುಬದುರು ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಗೋಡೆ ಎಲ್ಲಿ ಮುಗಿಯುತ್ತದೆಂದು ಇಬ್ಬರೂ ಬೆರಳು ಮಾಡಿ ವಾದಿಸುತ್ತಿದ್ದದ್ದು ಹೊರಗಿನವರಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಬಹುಮಾನ ಕೊಡುವಾಗ ಪಾತಮ್ಮನ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ. ಗಾದ್ರಪ್ಪ ಜಗಳಕ್ಕೆ ಹೊರಟಿದ್ದ. ಪಾತಮ್ಮನಿಗೆ ಅದರ ಪರಿವೆಯೇ ಇರಲಿಲ್ಲ, ಒಳಗೆ ಹೋದವರ ಮುಖ ಹೊರಗೆ ಬರುವಾಗ ಹೇಗಿರುತ್ತದೆಂದು ನೋಡುತ್ತಾ ನಿಂತಿದ್ದಳು.

ಅವಳು ಗಮನಿಸಿದವರಲ್ಲಿ ಒಬ್ಬಾಕೆ ಮೂರು ಸಲ ಒಳಗೆ ಹೋಗಿ ಮೂರು ಸಲ ಹೊರಗೆ ಬಂದಿದ್ದಳು. ಮೂವತ್ತರ ಆಸುಪಾಸು, ಕೈಯಲ್ಲಿ ಛತ್ರಿ. ಕೊನೆಗೆ ನೇರವಾಗಿ ಪಾತಮ್ಮನ ಬಳಿ ಬಂದು ಕೇಳಿದಳು, “ಅಮ್ಮಾ, ಒಳಗೆ ಹೋದರೆ ಮೈಕಿನ ಸದ್ದು ಕಮ್ಮಿಯಾಗುತ್ತೆ. ಯಾಕೆ?” ದನಿ ಒಡೆದಿತ್ತು, ನೆಗಡಿಯಾದವರಂತೆ.

“ಉಣ್ಣೆ ಮಾತು ನುಂಗ್ತೈತೆ ಕಣಮ್ಮ,” ಎಂದಳು ಪಾತಮ್ಮ. “ನಮ್ಮತ್ತೆ ಅದಕ್ಕೇ ಅದ್ರೊಳಗೆ ಕೂರೋದು.”

ಆಕೆ ಗೀತಮ್ಮ, ಮೊಳಕಾಲ್ಮುರಿನ ಒಂದು ಪ್ರಾಥಮಿಕ ಶಾಲೆಯ ಟೀಚರ್. ಮಕ್ಕಳು ಮಾಡಿದ ಮಣ್ಣಿನ ಬೊಂಬೆಗಳನ್ನು ಪ್ರದರ್ಶನಕ್ಕೆ ತಂದಿದ್ದಳು. ನೆಗಡಿಯಲ್ಲ, ಅವಳ ದನಿಯೇ ಹಾಗಾಗಿತ್ತು. ಅವಳ ಶಾಲೆಗೆ ಇದ್ದದ್ದು ಒಂದೇ ಉದ್ದನೆಯ ಹಜಾರ, ಹಿಂದೆ ಯಾರೋ ರೇಷ್ಮೆನೂಲು ಇಡುತ್ತಿದ್ದ ಕಲ್ಲುಚಪ್ಪಡಿಯ ಗೋದಾಮು. ನಾಲ್ಕು ತರಗತಿ ಅಲ್ಲೇ. ಆಡಿದ ಮಾತು ಗೋಡೆಗೆ ಬಡಿದು ವಾಪಸು ಬರುತ್ತದೆ. ಒಂದನೇ ತರಗತಿಯ ಮಗ್ಗಿ ನಾಲ್ಕನೇ ತರಗತಿಯ ಪದ್ಯದೊಳಗೆ ಸೇರಿಕೊಳ್ಳುತ್ತದೆ. ಸೋಮವಾರ ಕೂಗಲು ಶುರುಮಾಡಿದರೆ ಶುಕ್ರವಾರದ ಹೊತ್ತಿಗೆ ಗಂಟಲು ಇರುವುದಿಲ್ಲ.

“ಗೋಡೆ ಕಟ್ಟಿಸೋಕೆ ಆಗಲ್ಲ,” ಎಂದಳು ಗೀತಮ್ಮ. “ನೀವು ಒಂದ್ಸಲ ಬಂದು ನೋಡ್ತೀರಾ?”

ಮುಂದಿನ ವಾರವೇ ಗಂಡಹೆಂಡತಿ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋದರು. ಪಾತಮ್ಮ ಹಜಾರದ ಮೂಲೆಯಲ್ಲಿ ಚಪ್ಪಾಳೆ ತಟ್ಟಿ, ನಡುವಿನಲ್ಲಿ ತಟ್ಟಿ, ಗೋಡೆಗೆ ಕಿವಿಯಿಟ್ಟು ಕೇಳಿದಳು. ಆಮೇಲೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಇಡೀ ದಿನ ಪಾಠ ಕೇಳಿದಳು. ಮಕ್ಕಳು ಎಲ್ಲಿ ಒರಗುತ್ತಾರೆ, ಯಾವ ಹೊತ್ತಿಗೆ ಯಾವ ಕಿಟಕಿಯ ಬಿಸಿಲು ಯಾರ ಮುಖಕ್ಕೆ ಬೀಳುತ್ತದೆ, ಜಗಳವಾದಾಗ ಅಳಲು ಎಲ್ಲಿಗೆ ಹೋಗುತ್ತಾರೆ, ಎಲ್ಲ ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಗಂಡನಿಗೆ ಹೇಳಿದಳು:

“ಎಲ್ಲೂ ಕತ್ತರಿಸ್ದೆ ಒಂದೇ ಕಂಬ್ಳಿ ನೇಯ್ಬೇಕು.”

“ಎಷ್ಟುದ್ದ?”

“ಹಾವು ಹೋದಷ್ಟು.”

“ಯಾವ ಹಾವು?”

“ದೊಡ್ಡ ಹಾವು. ಆತುರ ಇಲ್ದಿರೋದು.”

ಮೂಡಲಗಿರಿಯಪ್ಪ ಬೆರಳು ಮಡಚಿ ಎಳೆಗಳ ಲೆಕ್ಕ ಹಾಕಿದ. ಆಮೇಲೆ, “ಕೆಳಗಡೆ ಎಳೆ ದಪ್ಪ ಹಾಕ್ತೀನಿ, ಮ್ಯಾಲೆ ಸಣ್ಣದು,” ಎಂದ. “ಬುಡ ಭಾರ ಇದ್ರೆ ಚೆಂದಾಗಿ ನಿಲ್ತೈತೆ.” ಅದು ಪಾತಮ್ಮನಿಗೆ ಹೊಳೆದಿರಲಿಲ್ಲ.

ಉದ್ದದ ಎಳೆಗಳ ಹಾಸು ಹೂಡಲು ಮನೆಯ ಮುಂದಿನ ಬೀದಿ ಸಾಲದೆ ಊರಾಚೆಯ ದಾರಿಗೇ ಹೋದರು. ನೂಲಲು ಅಕ್ಕಪಕ್ಕದ ಹೆಂಗಸರೆಲ್ಲ ರಾಟೆ ತಂದು ಕೂತರು. ಉಚ್ಚಂಗೆಮ್ಮ ಯಾರ ಎಳೆ ದಪ್ಪ, ಯಾರದು ಸಣ್ಣ ಎಂದು ತೀರ್ಪು ಹೇಳುತ್ತಾ ಕುರ್ಚಿಯೊಳಗಿಂದ ಎದ್ದೇ ಬಂದಳು. ಇಂಥದ್ದು ಯಾಕೆ, ಯಾರಿಗೆ ಎಂದು ಕೇಳಿದವರಿಗೆಲ್ಲ ಅವಳದೊಂದೇ ಉತ್ತರ: “ಕಂಬ್ಳಿ ಹಾಸಿದ್ರೆ ದೇವ್ರಿಗೆ ಗದ್ದಿಗೆ, ಹೊದ್ರೆ ಮನುಷ್ಯನಿಗೆ ಮನೆ. ನಿಂತ್ರೆ ಏನು ಅಂತ ನನ್ನ ಸೊಸೆ ನೋಡ್ತಾವ್ಳೆ. ನೋಡ್ಲಿ ಬಿಡ್ರಿ.”

ನೇಯ್ಗೆ ಮುಗಿಯಲು ಆರು ತಿಂಗಳಾಯಿತು. ದಸರಾ ರಜೆಯಲ್ಲಿ ಸುರುಳಿ ಸುತ್ತಿದ ಕಂಬಳಿಯನ್ನು ಲಾರಿಯಲ್ಲಿ ಹಾಕಿಕೊಂಡು ಮೊಳಕಾಲ್ಮುರಿಗೆ ಹೋದರು. ಸರಿಗೆ ಬೇಕಾದ ಹುಣಸೆಬೀಜವನ್ನು ಮನೆಯಿಂದ ತರುವಂತೆ ಗೀತಮ್ಮ ಮಕ್ಕಳಿಗೆ ಹೇಳಿದ್ದಳು. ಮಕ್ಕಳು ಜೇಬಿನಲ್ಲಿ, ಲಂಗದ ಮಡಿಲಲ್ಲಿ, ಟಿಫಿನ್ ಡಬ್ಬಿಯಲ್ಲಿ ತಂದು ಸುರಿದರು. ಚೌಕಾಬಾರ ಆಡುತ್ತಿದ್ದ ಬೀಜಗಳನ್ನೂ ಬಿಡಲಿಲ್ಲ. ಬೀದಿಯ ತುಂಬ ಹುರಿದ ಬೀಜದ ವಾಸನೆ ಹಬ್ಬಿತು.

ಕಂಬಳಿ ಒಣಗುವವರೆಗೆ ಒಳಗಿನಿಂದ ಆಕಾರ ಹಿಡಿಯಲು ಏನಾದರೂ ಬೇಕಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರೊಬ್ಬರನ್ನು ಕೇಳಿ, ಶೇಂಗಾ ಹೊಟ್ಟು ತುಂಬಿದ ನಲವತ್ತು ಚೀಲಗಳನ್ನು ಮೂಡಲಗಿರಿಯಪ್ಪ ಮೊದಲೇ ಲಾರಿಗೆ ಹಾಕಿಸಿದ್ದ. ಚೀಲಗಳನ್ನು ಹಜಾರದ ಉದ್ದಕ್ಕೂ ಒಂದರ ಮೇಲೊಂದು ಪೇರಿಸಿ, ಮೇಲೆ ಒದ್ದೆ ಕಂಬಳಿ ಹರವಿದರು. ಪಾತಮ್ಮ ಬರಿಗಾಲಲ್ಲಿ ಅದರ ಮೇಲೆ ಹತ್ತಿ ಇಳಿದು, ಮಂಡಿಯಲ್ಲಿ ಒತ್ತಿ, ಮೊಣಕೈಯಲ್ಲಿ ತಿದ್ದಿ ಮಡಿಕೆ ಕೂರಿಸಿದಳು. ಎರಡನೇ ದಿನ ಮೋಡ ಕವಿಯಿತು. ಮೂರನೇ ದಿನವೂ ಬಿಸಿಲಿಲ್ಲ. ಕಂಬಳಿ ಒಣಗದೆ ನಡುಭಾಗ ಜೋತುಬಿತ್ತು. ಪಾತಮ್ಮ ಊಟ ಬಿಟ್ಟು ಅದರ ಮುಂದೆ ಕೂತಳು.

ಎದುರು ಮನೆಯ ರೇಷ್ಮೆ ನೇಕಾರ ಜಂಪಣ್ಣ ಬಾಗಿಲಲ್ಲಿ ಇಣುಕಿ, “ಅಕ್ಕಾ, ಬೊಗ್ಗುಲು ತೇವಾಲಾ?” ಎಂದ. ಹಾಗಂದರೆ ತೆಲುಗಿನಲ್ಲಿ ‘ಇದ್ದಿಲು ತರಲೇ’ ಎಂದು ಗೀತಮ್ಮ ಹೇಳುವಷ್ಟರಲ್ಲಿ ಅವನು ಎರಡು ಬಾಣಲೆ ಕೆಂಡ ತಂದಿದ್ದ. ನೋಡಿ ಬೀದಿಯವರೂ ತಂದರು. ಕಂಬಳಿಗೆ ತಾಗದಷ್ಟು ದೂರದಲ್ಲಿ ಬಾಣಲೆಗಳ ಸಾಲು ಇಟ್ಟು, ಒಬ್ಬರಾದ ಮೇಲೆ ಒಬ್ಬರು ಬೀಸಣಿಗೆ ಬೀಸಿದರು. ನಾಲ್ಕನೇ ದಿನ ಬೆಳಿಗ್ಗೆ ಪಾತಮ್ಮ ಬೆರಳಲ್ಲಿ ತಟ್ಟಿದಳು. ಟಕ್ ಎಂದಿತು. ಚೀಲಗಳನ್ನು ಒಂದೊಂದಾಗಿ ಎಳೆದರು. ಕೊನೆಯ ಚೀಲವನ್ನು ಪಾತಮ್ಮನೇ ಎಳೆದಳು.

ನಿಂತಿತು. ಹಜಾರದ ಈ ತುದಿಯಿಂದ ಆ ತುದಿಗೆ, ಬಳುಕಿ ಬಳುಕಿ, ನಾಲ್ಕು ಕೋಣೆಗಳನ್ನು ತನ್ನ ತಿರುವುಗಳಲ್ಲಿ ಮಾಡಿಕೊಂಡು ನಿಂತಿತು. ಒಂದನೇ ತರಗತಿಯ ಕಡೆ ಅದು ತಗ್ಗಿ ಮಕ್ಕಳು ಒರಗುವ ದಿಂಬಾಗಿತ್ತು. ಮೂರನೇ ತರಗತಿಯ ಕಡೆ ಎತ್ತರವಾಗಿ ಬಿಸಿಲಿಗೆ ಅಡ್ಡ ನಿಂತಿತ್ತು. ನಡುನಡುವೆ ಒಬ್ಬರೇ ಹೋಗಿ ಕೂರುವಂಥ ಗೂಡುಗಳಿದ್ದವು. ಅಳು ಬಂದವರಿಗೆ ಎಂದು ಪಾತಮ್ಮ ಹೇಳಿದಳು. ಇಡಿಯಾಗಿ ನೋಡಿದರೆ ಕುರಿಮಂದೆಯೊಂದು ತಲೆ ತಗ್ಗಿಸಿ ದಾರಿ ಹಿಡಿದ ಹಾಗಿತ್ತು.

ರಜೆ ಮುಗಿದು ಶಾಲೆ ಶುರುವಾದ ದಿನ ಗಂಡಹೆಂಡತಿ ಇನ್ನೂ ಅಲ್ಲೇ ಇದ್ದರು. ಮಕ್ಕಳು ನುಗ್ಗಿ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಒಂದು ಹುಡುಗಿ ಕೈಯಿಟ್ಟು ಸವರಿದಳು, ಇನ್ನೊಬ್ಬಳು ಕೆನ್ನೆಯಿಟ್ಟಳು. ಒಂದು ಗಳಿಗೆಯಲ್ಲಿ ಎಲ್ಲರೂ ಅದರ ಮೇಲೆ, ಒಳಗೆ, ಪಕ್ಕದಲ್ಲಿ ಇದ್ದರು. ಗೂಡುಗಳಲ್ಲಿ ಅಳು ಬಾರದವರೇ ತುಂಬಿಕೊಂಡರು. ಗದ್ದಲವಿತ್ತು, ಆದರೆ ಗದ್ದಲ ಗೋಡೆಗೆ ಹೋಗಿ ತಿರುಗಿ ಬರಲಿಲ್ಲ.

ಗೀತಮ್ಮ ತನ್ನ ತರಗತಿಯ ತಿರುವಿನಲ್ಲಿ ನಿಂತು, ಅಭ್ಯಾಸದಂತೆ ಕೂಗಲು ಎದೆ ತುಂಬ ಉಸಿರು ಎಳೆದುಕೊಂಡಳು. ಆಮೇಲೆ ಬಿಟ್ಟಳು. ಮನೆಯಲ್ಲಿ ತಂಗಿಯ ಹತ್ತಿರ ಮಾತಾಡುವಷ್ಟೇ ಮೆಲ್ಲಗೆ, “ಪುಸ್ತಕ ತೆಗೀರಿ,” ಎಂದಳು.

ಮಕ್ಕಳು ಪುಸ್ತಕ ತೆಗೆದರು.

ಅವಳಿಗೆ ನಂಬಿಕೆ ಬರಲಿಲ್ಲ. “ಮುಚ್ಚಿ,” ಎಂದಳು, ಇನ್ನೂ ಮೆಲ್ಲಗೆ. ಮುಚ್ಚಿದರು. “ತೆಗೀರಿ.” ತೆಗೆದರು. ಅವಳಿಗೆ ನಗು ಬಂತು. ಮಕ್ಕಳಿಗೆ ಯಾಕೆಂದು ಗೊತ್ತಾಗದಿದ್ದರೂ ಅವರೂ ನಕ್ಕರು. ಆಚೆ ತಿರುವಿನ ಒಂದನೇ ತರಗತಿಯವರು ಮಾತ್ರ ಏನೂ ಕೇಳಿಸದೆ ತಮ್ಮ ಪಾಡಿಗೆ ಎರಡೊಂದ್ಲ ಎರಡು ಹೇಳಿಕೊಳ್ಳುತ್ತಿದ್ದರು. ಕಿಟಕಿಯ ಹೊರಗೆ ನಿಂತಿದ್ದ ಪಾತಮ್ಮ ಗಂಡನ ತೋಳು ಹಿಡಿದುಕೊಂಡಳು. ಬೀದಿಯಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಮಧ್ಯಾಹ್ನ ಹೊರಡುವ ಮುನ್ನ ಜಂಪಣ್ಣ ಇಬ್ಬರನ್ನೂ ಊಟಕ್ಕೆ ಕರೆದ. ಊಟವಾದ ಮೇಲೆ ಮಗ್ಗದ ಮೇಲಿದ್ದ ಸೀರೆ ತೋರಿಸಿದ. ಗಿಳಿಹಸಿರು ಒಡಲು, ಕೆಂಪು ಅಂಚು. ಪಾತಮ್ಮ ಸೆರಗಿಗೆ ಕೈಯೊರೆಸಿಕೊಂಡು ಎರಡು ಬೆರಳಲ್ಲಿ ಮುಟ್ಟಿದಳು.

“ಏಮಕ್ಕಾ, ಇದಕ್ಕೂ ಸರಿ ಹಾಕಿ ನಿಲ್ಲಿಸ್ತೀಯಾ?” ಎಂದು ಜಂಪಣ್ಣ ತಮಾಷೆ ಮಾಡಿದ.

“ಇದಕ್ಕೆ ನಿಲ್ಲೋದು ಇಷ್ಟ ಇಲ್ಲ,” ಎಂದಳು ಪಾತಮ್ಮ, ತಮಾಷೆಯಿಲ್ಲದೆ.

“ಮತ್ತೇನು ಇಷ್ಟ?”

ಅವಳು ಬಗ್ಗಿ, ಪಕ್ಕದಲ್ಲಿದ್ದ ಒಂದು ತುಂಡು ರೇಷ್ಮೆಯನ್ನು ಎತ್ತಿ ಹಿಡಿದು, ಕೆಳಗಿನಿಂದ ಮೆಲ್ಲಗೆ ಊದಿದಳು. ಅದು ಉಬ್ಬಿ ಮೇಲೆದ್ದು, ಗುಮ್ಮಟದಂತಾಗಿ, ಇಳಿಯುವ ಮನಸ್ಸಿಲ್ಲದಂತೆ ಒಂದು ಗಳಿಗೆ ಗಾಳಿಯಲ್ಲೇ ಉಳಿಯಿತು. ಅವಳು ಮತ್ತೆ ಊದಿದಳು. ಮೇಲೆ ತೊಲೆಗಳ ಕಡೆ ನೋಡಿದಳು. ಬಾಗಿಲಿನಿಂದ ಗಾಳಿ ಯಾವ ಕಡೆಗೆ ಬರುತ್ತಿದೆಯೆಂದು ಕೈಯೆತ್ತಿ ಹಿಡಿದು ನೋಡಿದಳು.

ಬೀದಿಯ ಕೊನೆಯಲ್ಲಿ ಚಳ್ಳಕೆರೆ ಬಸ್ಸು ಹಾರ್ನ್ ಹೊಡೆಯಿತು. ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ ಮೂಡಲಗಿರಿಯಪ್ಪ ಹೆಂಡತಿಯ ಮುಖ ನೋಡಿದ, ಬಾಗಿಲ ಕಡೆ ನೋಡಿದ. ಚೀಲ ಇಳಿಸಿ ಮಗ್ಗದ ಪಕ್ಕ ಕೂತ.

“ಅಂಗುಲಕ್ಕೆ ಎಷ್ಟು ಎಳೆ ಹಾಕ್ತೀರಣ್ಣ ಇದಕ್ಕೆ?” ಎಂದು ಜಂಪಣ್ಣನನ್ನು ಕೇಳಿದ.